ನಾಬ್ ಹೇಳುವ ಇನ್ನೂರು ಡಿಗ್ರಿ

ಓವನ್ನಿನ ನಾಬ್ 200ರ ಮೇಲಿದ್ದರೆ ಒಳಗೂ 200 ಡಿಗ್ರಿ ಇದೆ ಎಂದು ನಾವು ನಂಬಿಬಿಡುತ್ತೇವೆ. ನಿನ್ನೆ ಅಂಗಡಿಯಿಂದ ತಂದ, ಯಾವ ದೋಷವೂ ಇಲ್ಲದ ಓಟಿಜಿಯಲ್ಲೂ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಹಾಗಿರುವುದಿಲ್ಲ. ಅದರ ಒಳಗಿನ ಗಾಳಿ 215–220ರವರೆಗೆ ಏರುತ್ತದೆ, ಕಾಯಿಲ್ ಆರಿದ ಮೇಲೆ 180ರ ಆಸುಪಾಸಿಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕೇಕ್ ಬೇಯುವ ಮುಕ್ಕಾಲು ಗಂಟೆಯಲ್ಲಿ ತಾಪಮಾನ ಹಲವು ಸಲ 200ನ್ನು ದಾಟಿ ಹೋಗುತ್ತದೆ. ಅಲ್ಲಿ ನಿಲ್ಲುವುದು ಮಾತ್ರ ಒಮ್ಮೆಯೂ ಇಲ್ಲ. ನಾಬ್ ಏನನ್ನೂ ಅಳೆಯುವುದಿಲ್ಲ. ಇಷ್ಟು ಬಿಸಿ ಬೇಕು ಎಂದು ಕೇಳುತ್ತದೆ, ಅಷ್ಟೇ.

ಇದು ಗೊತ್ತಿಲ್ಲದೆ ದುರಸ್ತಿಗೆ ಹೊರಟರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ. ವಿಜಯಪುರದಲ್ಲಿ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಯಾವುದೇ ಅಂಗಡಿಗೆ ಓವನ್ ಒಯ್ದು, ‘ಮ್ಯಾಲ ಕರಕ ಆಗ್ತದ, ಒಳಗ ಹಸೀನ ಉಳೀತದ’ ಎಂದು ಹೇಳಿ ನೋಡಿ. ‘ಥರ್ಮೋಸ್ಟಾಟ್ ಹೋಗ್ಯಾದರಿ’ ಎಂಬ ತೀರ್ಪು ಮುಚ್ಚಳ ಬಿಚ್ಚುವ ಮೊದಲೇ ಬರುವ ಸಂಭವ ಹೆಚ್ಚು. ಥರ್ಮೋಸ್ಟಾಟ್ ಹೋಗುವುದಿಲ್ಲ ಎಂದಲ್ಲ, ಹೋಗುತ್ತದೆ. ಆದರೆ ಗೋಡೆಯ ಸಾಕೆಟ್ಟಿನಿಂದ ಕೇಕಿನ ನಡುಮಧ್ಯದವರೆಗೆ ಶಾಖ ಸಾಗುವ ದಾರಿಯಲ್ಲಿ ಅದು ಒಂದು ಕೊಂಡಿ ಮಾತ್ರ. ಉಳಿದ ಕೊಂಡಿಗಳನ್ನು ಪರೀಕ್ಷಿಸಿ ಕೈಬಿಟ್ಟ ಮೇಲಷ್ಟೇ ಅದರ ಮೇಲೆ ಆರೋಪ ಹೊರಿಸಬೇಕು. ಆ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಸ್ಕ್ರೂಡ್ರೈವರ್ ಮುಟ್ಟದೆ ಮನೆಯಲ್ಲೇ ಆಗುವಂಥವು.

ಮೊದಲು, ಓವನ್ನಿಗೆ ಥರ್ಮೋಸ್ಟಾಟ್ ಯಾಕೆ ಬೇಕು ಎಂಬುದನ್ನು ನೋಡೋಣ. ನಮ್ಮ ಕಡೆ ದೀಪಾವಳಿ, ರಂಜಾನ್ ಹತ್ತಿರ ಬಂದಾಗ ಹಿಟ್ಟು, ಡಾಲ್ಡಾ, ಸಕ್ಕರೆ ಕಟ್ಟಿಕೊಂಡು ಬೇಕರಿಗೆ ಹೋಗಿ ನಾನ್‌ಕಟಾಯಿ ಮಾಡಿಸಿಕೊಂಡು ಬರುವ ರೂಢಿಯಿತ್ತು. ಆ ಕಟ್ಟಿಗೆಯ ಭಟ್ಟಿಗೆ ನಾಬ್ ಇಲ್ಲ, ಅಂಕಿ ಇಲ್ಲ. ಟನ್‌ಗಟ್ಟಲೆ ಇಟ್ಟಿಗೆ–ಮಣ್ಣು ಗಂಟೆಗಟ್ಟಲೆ ಕಾದು, ಬೆಂಕಿ ತೆಗೆದ ಮೇಲೂ ಆ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ತಾಪಮಾನ ಗಂಟೆಗೆ ಕೆಲವೇ ಡಿಗ್ರಿ ಇಳಿಯುವಾಗ ಅದನ್ನು ಕಾಯುವ ಉಪಕರಣ ಬೇಕಿರಲಿಲ್ಲ. ಯಾವ ಹೊತ್ತಿಗೆ ಬ್ರೆಡ್, ಯಾವ ಹೊತ್ತಿಗೆ ಬಿಸ್ಕೀಟು ಎಂಬುದು ಭಟ್ಟಿಯವನಿಗೆ ಗೊತ್ತಿತ್ತು. ಮನೆಯ ಓಟಿಜಿಯ ಗೋಡೆ ತೆಳುವಾದ ತಗಡು. ಅದರಲ್ಲಿ ಶಾಖದ ದಾಸ್ತಾನು ಇಲ್ಲವೆಂದೇ ಹೇಳಬೇಕು. ಕಾಯಿಲ್ ಉರಿದರೆ ನಿಮಿಷಕ್ಕೆ ಹತ್ತಾರು ಡಿಗ್ರಿ ಏರುತ್ತದೆ, ಬಾಗಿಲು ತೆರೆದರೆ ಅಷ್ಟೇ ಬೇಗ ಬೀಳುತ್ತದೆ. ಇಂಥ ಚಂಚಲ ಪೆಟ್ಟಿಗೆಯನ್ನು ಹಿಡಿತದಲ್ಲಿಡಲು ಯಾರಾದರೂ ಸದಾ ಕಾಯುತ್ತಿರಬೇಕು.

ಹಂಚಿನ ಮುಂದೆ ಆ ಕಾಯುವ ಕೆಲಸವನ್ನು ರೊಟ್ಟಿ ಬಡಿಯುವವರೇ ಮಾಡುತ್ತಾರೆ. ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹನಿ ಮೆಲ್ಲಗೆ ಆರಿದರೆ ಹಂಚು ಇನ್ನೂ ಕಾದಿಲ್ಲ. ಚುಂಯ್ ಎಂದು ಆರಿದರೆ ರೊಟ್ಟಿ ಹಾಕಬಹುದು. ಹನಿ ಆರದೆ ಉಂಡೆಯಾಗಿ ಹಂಚಿನ ತುಂಬ ಓಡಾಡಿದರೆ ಉರಿ ಸಣ್ಣ ಮಾಡಬೇಕು. ಕೊನೆಯ ಸ್ಥಿತಿಯಲ್ಲಿ ಹನಿಯ ತಳದಲ್ಲಿ ಆವಿಯ ಪದರವೊಂದು ಹುಟ್ಟಿ ಹನಿಯನ್ನು ಎತ್ತಿ ಹಿಡಿದಿರುತ್ತದೆ. ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ. ನೀರಿಗೆ ಇದು ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಶುರುವಾಗುತ್ತದೆ, ಮೇಲ್ಮೈ ಎಷ್ಟು ನುಣುಪು ಎಂಬುದರ ಮೇಲೆ ಹೆಚ್ಚು–ಕಡಿಮೆಯಾಗುತ್ತದೆ. ನೋಡಿ ಅಳೆಯುವುದು, ಮನಸ್ಸಿನಲ್ಲಿರುವ ಗುರಿಯೊಂದಿಗೆ ಹೋಲಿಸುವುದು, ಉರಿ ಬದಲಿಸುವುದು: ನಿಯಂತ್ರಣವೆಂದರೆ ಈ ಮೂರು ಕೆಲಸಗಳೇ. ಥರ್ಮೋಸ್ಟಾಟ್ ಈ ಮೂರನ್ನೂ ಒಂದು ಲೋಹದ ಪಟ್ಟಿಯ ಮೇಲೆ ಹೇರಿದೆ.

ಆ ಪಟ್ಟಿ ಗಡಿಯಾರದ ಅಂಗಳದಿಂದ ಬಂದದ್ದು. ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ 1759ರ ಹೊತ್ತಿಗೆ ಮುಗಿಸಿದ ತನ್ನ ಮೂರನೆಯ ಹಡಗಿನ ಗಡಿಯಾರದಲ್ಲಿ, ಬಿಸಿಲು–ಚಳಿಗೆ ಸಮಯ ತಪ್ಪದಂತೆ ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ್ದ. ಒಂದು ಮೀಟರ್ ಹಿತ್ತಾಳೆ 100 ಡಿಗ್ರಿ ಕಾದರೆ ಸುಮಾರು 1.9 ಮಿಲಿಮೀಟರ್ ಬೆಳೆಯುತ್ತದೆ, ಉಕ್ಕು 1.2 ಮಿಲಿಮೀಟರ್. ಅಂಟಿಕೊಂಡ ಎರಡರಲ್ಲಿ ಒಂದು ಹೆಚ್ಚು ಬೆಳೆದರೆ ಜೋಡಿ ಬಾಗಲೇಬೇಕು. 1896ರಲ್ಲಿ ಷಾರ್ಲ್ ಗಿಯೋಮ್ ಕಂಡುಹಿಡಿದ ಇನ್ವಾರ್ ಎಂಬ ಕಬ್ಬಿಣ–ನಿಕ್ಕಲ್ ಮಿಶ್ರಲೋಹ ಸಾಮಾನ್ಯ ತಾಪಮಾನದಲ್ಲಿ ಉಕ್ಕಿನ ಹತ್ತನೇ ಒಂದರಷ್ಟೇ ಹಿಗ್ಗುತ್ತದೆ. ಇಂಥ ನಿಕ್ಕಲ್ ಮಿಶ್ರಲೋಹಗಳು ಬಂದ ಮೇಲೆ ಪಟ್ಟಿ ಇನ್ನೂ ಚೆನ್ನಾಗಿ ಬಾಗತೊಡಗಿತು. ಆ ಶೋಧಕ್ಕೆ 1920ರ ಭೌತವಿಜ್ಞಾನ ನೊಬೆಲ್ ಬಂತು. ಅಡುಗೆಮನೆಯ ಕಡೆ ಇಷ್ಟು ಉಪಕಾರ ಮಾಡಿದ ನೊಬೆಲ್ ಬಹುಮಾನಗಳು ಹೆಚ್ಚೇನಿಲ್ಲ.

ಓಟಿಜಿಯಲ್ಲಿ ಬಾಗಿದ ಪಟ್ಟಿ ಒಂದು ಸಣ್ಣ ಪಿನ್ನನ್ನು ತಳ್ಳುತ್ತದೆ, ಪಿನ್ನು ಕರೆಂಟಿನ ಪಾಯಿಂಟುಗಳನ್ನು ಬಿಡಿಸುತ್ತದೆ. ನಾಬ್ ತಿರುಗಿಸಿದಾಗ ಒಂದು ಸ್ಕ್ರೂ ಸ್ಪ್ರಿಂಗಿನ ಒತ್ತಡವನ್ನು ಬದಲಿಸುತ್ತದೆ, ಅಂದರೆ ಪಟ್ಟಿ ಎಷ್ಟು ಬಾಗಿದ ಮೇಲೆ ಕರೆಂಟ್ ಕಡಿಯಬೇಕು ಎಂಬುದನ್ನು. ದೊಡ್ಡ ಓವನ್ನುಗಳಲ್ಲಿ ಪಟ್ಟಿಯ ಬದಲು ಎಣ್ಣೆಯಂಥ ದ್ರವ ತುಂಬಿದ ತಾಮ್ರ ಅಥವಾ ಉಕ್ಕಿನ ಬುರುಡೆ ಇರುತ್ತದೆ. ದ್ರವ ಹಿಗ್ಗಿ ಕೂದಲಿನಷ್ಟು ಸಣ್ಣ ರಂಧ್ರದ ನಳಿಗೆಯಲ್ಲಿ ಸಾಗಿ ಪಾಯಿಂಟ್ ಬಿಡಿಸುತ್ತದೆ. ಗೋಡೆಯೊಳಗೆ ಕೂಡಿಸುವ ಎಲೆಕ್ಟ್ರಾನಿಕ್ ಓವನ್ನುಗಳಲ್ಲಿ ಪ್ಲಾಟಿನಮ್ ತಂತಿಯ ಸಂವೇದಕ ಇರಬಹುದು. ಪಿಟಿ-1000 ಎಂಬ ಬಗೆಯದು 0 ಡಿಗ್ರಿಯಲ್ಲಿ 1000 ಓಮ್, 200 ಡಿಗ್ರಿಯಲ್ಲಿ ಸುಮಾರು 1758 ಓಮ್ ತೋರಿಸಬೇಕು.

ಪಾಯಿಂಟ್ ಬಿಡುವ ತಾಪಮಾನಕ್ಕೂ ಮತ್ತೆ ಕೂಡುವ ತಾಪಮಾನಕ್ಕೂ ನಡುವೆ ಬೇಕೆಂತಲೇ ಅಂತರ ಇಟ್ಟಿರುತ್ತಾರೆ. 1500 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಕರೆಂಟ್ ಎಳೆಯುತ್ತದೆ. ಅದನ್ನು ಕಡಿಯುವಾಗಲೆಲ್ಲ ಪಾಯಿಂಟಿನಲ್ಲಿ ಕಿಡಿ ಹಾರುತ್ತದೆ. ಅಂತರವೇ ಇಲ್ಲದಿದ್ದರೆ ಕ್ಷಣಕ್ಷಣಕ್ಕೂ ಬಿಟ್ಟು ಕೂಡಿ ಪಾಯಿಂಟು ಒಂದೇ ತಿಂಗಳಲ್ಲಿ ಸುಟ್ಟುಹೋದೀತು. ಆದ್ದರಿಂದ ಆರಂಭದಲ್ಲಿ ಹೇಳಿದ ಏರಿಳಿತ ರೋಗವಲ್ಲ, ಯಂತ್ರದ ಆರೋಗ್ಯವೇ ಅದು. ಥರ್ಮಾಮೀಟರ್ ಇಟ್ಟು ಒಂದು ಸಲ 185 ಕಂಡು ಗಾಬರಿಯಾದವರು ಹತ್ತು ನಿಮಿಷ ಬಿಟ್ಟು ನೋಡಿದ್ದರೆ 215 ಕಾಣುತ್ತಿತ್ತು.

ಸರಿಯಾದ ಕ್ರಮ ಹೀಗೆ. ತಟ್ಟೆಯನ್ನು ನಡುವಿನ ಹಂತದಲ್ಲಿಟ್ಟು ಅದರ ಮಧ್ಯದಲ್ಲಿ ಓವನ್ ಥರ್ಮಾಮೀಟರ್ ನಿಲ್ಲಿಸಿ, ನಾಬನ್ನು 180ಕ್ಕೆ ಇಡಿ. ಹೊರಗಿನ ಕೆಂಪು ದೀಪ ನೋಡುತ್ತಿರಿ. ಬಹಳಷ್ಟು ಓಟಿಜಿಗಳಲ್ಲಿ ಕಾಯಿಲ್ ಉರಿಯುವಾಗ ಅದು ಹೊತ್ತಿ, ಥರ್ಮೋಸ್ಟಾಟ್ ಕಡಿದಾಗ ಆರುತ್ತದೆ. ಕೆಲವುಗಳಲ್ಲಿ ಟೈಮರ್ ಓಡುವಷ್ಟು ಹೊತ್ತೂ ಉರಿಯುತ್ತದೆ. ಆಗ ಕಾಯಿಲಿನ ಕೆಂಪನ್ನೂ ಟಿಕ್ ಸದ್ದನ್ನೂ ಗಮನಿಸಬೇಕು. ಮೊದಲ ಸಲ ದೀಪ ಆರಿದಾಗಿನ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಣ್ಣಗಿದ್ದ ತಗಡು ಕಾಯುವ ಭರದಲ್ಲಿ ಗಾಳಿ ಗುರಿಯನ್ನು ಬಹಳ ದಾಟಿರುತ್ತದೆ. ಎರಡು–ಮೂರು ಸುತ್ತು ಕಳೆದ ಮೇಲೆ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು ಎಂದು ಬರೆದುಕೊಳ್ಳಿ. ಇವೆರಡರ ಸರಾಸರಿಯೇ ನಿಮ್ಮ ಓವನ್ನಿನ ನಿಜವಾದ ‘180’.

ದೀಪ ಮತ್ತು ಥರ್ಮಾಮೀಟರ್ ಒಟ್ಟಿಗೆ ಕೊಡುವ ಸಾಕ್ಷ್ಯವೇ ಇಲ್ಲಿ ಮುಖ್ಯ. ಒಂದೊಂದನ್ನೇ ಕೇಳಿದರೆ ಎರಡೂ ದಾರಿ ತಪ್ಪಿಸುತ್ತವೆ. ದೀಪ ಆರುತ್ತಲೇ ಇಲ್ಲ ಅನ್ನೋಣ. ತಾಪಮಾನ 180 ದಾಟಿ, 220 ದಾಟಿ, ಏರುತ್ತಲೇ ಹೋದರೆ ಪಾಯಿಂಟುಗಳು ಕಿಡಿಗೆ ಬೆಸೆದುಕೊಂಡಿವೆ ಅಥವಾ ನಳಿಗೆಯ ದ್ರವ ಸೋರಿಹೋಗಿದೆ. ದ್ರವ ಸೋರಿದ ಬುರುಡೆಗೆ ಓವನ್ ಯಾವತ್ತೂ ತಣ್ಣಗೇ ಇದ್ದಂತೆ. ಅದು ಕರೆಂಟ್ ಕಡಿಯುವುದೇ ಇಲ್ಲ. ಇದು ಅಪಾಯದ ದೋಷ, ಆ ಕ್ಷಣವೇ ಪ್ಲಗ್ ಕೀಳಬೇಕು. ಆದರೆ ದೀಪ ಆರದೆ ತಾಪಮಾನ 150–160ಕ್ಕೇ ನಿಂತುಬಿಟ್ಟರೆ? ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿದೆ, ಇನ್ನೂ ಬೇಕು ಎಂದು ಕೇಳುತ್ತಲೇ ಇದೆ. ಕೊಡುವವರಲ್ಲಿ ತ್ರಾಣವಿಲ್ಲ.

ವಿಜಯಪುರದ ಹತ್ತಿರದ ತಿಕೋಟಾ, ಬಬಲೇಶ್ವರ ಸುತ್ತಿನ ತೋಟದ ವಸ್ತಿಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಕರೆಂಟಿನ ಈ ತ್ರಾಣವನ್ನೇ. ದ್ರಾಕ್ಷಿ, ದಾಳಿಂಬೆ, ಕಬ್ಬು ಬೆಳೆಯುವ ಈ ಭಾಗದಲ್ಲಿ ಅನೇಕ ಮನೆಗಳು ಊರಿನಿಂದ ದೂರ, ಟಿಸಿಯಿಂದಲೂ (ಟ್ರಾನ್ಸ್‌ಫಾರ್ಮರ್) ದೂರ. ಉದ್ದನೆಯ ತಂತಿಯ ಕೊನೆಯಲ್ಲಿರುವ ಮನೆಗೆ, ಸುತ್ತಲಿನ ಬೋರ್‌ವೆಲ್ ಮೋಟಾರುಗಳು ಒಟ್ಟಿಗೆ ಶುರುವಾದಾಗ ತಲುಪುವ ವೋಲ್ಟೇಜ್ 230 ಆಗಿರುವುದಿಲ್ಲ. ‘ಲೈನ್ ಡಿಮ್ ಐತಿ’ ಎಂಬ ಮಾತು ಬಲ್ಬಿಗೆ ಹುಟ್ಟಿದ್ದು. ಓವನ್ನಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230ರ ಜಾಗದಲ್ಲಿ 180 ವೋಲ್ಟ್ ಬಂದರೆ ವೋಲ್ಟೇಜ್ ಇಳಿದದ್ದು ನೂರಕ್ಕೆ 22ರಷ್ಟು, ಶಾಖ ಇಳಿಯುವುದು ನೂರಕ್ಕೆ 39ರಷ್ಟು. 1500 ವ್ಯಾಟಿನ ಓವನ್ 920 ವ್ಯಾಟಿನದಾಗಿಬಿಡುತ್ತದೆ. ಹತ್ತು ನಿಮಿಷದಲ್ಲಿ ಕಾಯುತ್ತಿದ್ದದ್ದು ಹದಿನಾರು ನಿಮಿಷಕ್ಕೂ ಕಾಯದು, ಏಕೆಂದರೆ ಆ ಹೆಚ್ಚಿನ ಹೊತ್ತಿನಲ್ಲಿ ಗೋಡೆಯಿಂದ ಶಾಖ ಸೋರುತ್ತಲೂ ಇರುತ್ತದೆ. ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಈ ರೋಗ ಕಣ್ಣಿಗೆ ಬೀಳುವುದೂ ಕಷ್ಟವಾಗಿದೆ. 180 ವೋಲ್ಟಿನಲ್ಲೂ ಅವು ಫಳಫಳ ಉರಿಯುತ್ತವೆ. ಹಾಗಾಗಿ ಓವನ್ ಉರಿಯುತ್ತಿರುವಾಗಲೇ ಪಕ್ಕದ ಸಾಕೆಟ್ಟಿನ ವೋಲ್ಟೇಜ್ ಅಳೆಸಿ ನೋಡಬೇಕು. ಓವನ್ ಆರಿಸಿ ಅಳೆದರೆ ಮನೆಯೊಳಗಿನ ಸಡಿಲ ವೈರಿನ ದೋಷ ಅಡಗಿಕೊಳ್ಳುತ್ತದೆ.

ವೋಲ್ಟೇಜ್ ಸರಿಯಿದ್ದೂ ಬಿಸಿ ಸಾಲದಿದ್ದರೆ ಎರಡು ಕಾಯಿಲುಗಳಲ್ಲಿ ಒಂದು ಸತ್ತಿರಬಹುದು. ಇದಕ್ಕೊಂದು ಸೊಗಸಾದ ಪರೀಕ್ಷೆ ಇದೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಓವನ್ ತಣ್ಣಗಾದ ಮೇಲೆ, ಟೈಮರ್ ಆನ್ ಮಾಡಿ, ಮೇಲೆ–ಕೆಳಗೆ ಎರಡೂ ಕಾಯಿಲ್ ಆಯ್ದು, ನಾಬನ್ನು 200ಕ್ಕಿಟ್ಟು, ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ ಮಲ್ಟಿಮೀಟರಿನಿಂದ ಓಮ್ ಅಳೆಯಿರಿ. 230ರ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ಬರಬೇಕಾದ ಉತ್ತರ ಸಿಗುತ್ತದೆ: 1500 ವ್ಯಾಟಿಗೆ ಸುಮಾರು 35 ಓಮ್. 70ರ ಹತ್ತಿರ ತೋರಿಸಿದರೆ ಒಂದು ಕಾಯಿಲ್ ಇಲ್ಲ. ಏನೂ ತೋರಿಸದಿದ್ದರೆ ದಾರಿ ಎಲ್ಲೋ ಕಡಿದಿದೆ, ಅದು ಥರ್ಮೋಸ್ಟಾಟ್ ಇರಬಹುದು, ಟೈಮರ್ ಇರಬಹುದು, ವೈರ್ ಇರಬಹುದು. (ಟೈಮರ್ ಸೊನ್ನೆಯಲ್ಲಿದ್ದರೂ ಹೀಗೇ ಆಗುತ್ತದೆ. ‘ಓವನ್ ಹತ್ತವಲ್ದು’ ಎಂದು ಗಾಡಿ ಮೇಲೆ ಹೇರಿಕೊಂಡು ಊರಿಗೆ ಹೋಗುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.) ದೊಡ್ಡ ಪಿನ್–ಸಣ್ಣ ಪಿನ್ ಗೊಂದಲ ಬೇಡ: ಮೇಲಿನ ದಪ್ಪ ಪಿನ್ ಅರ್ಥಿಂಗಿನದು. ಅದಕ್ಕೂ ಸಣ್ಣ ಪಿನ್ನುಗಳಿಗೂ ನಡುವೆ ಮೀಟರ್ ಕೆಲವೇ ಓಮ್ ಅಥವಾ ನೂರಾರು ಓಮ್ ತೋರಿಸಿದರೆ ಓವನ್ ಮುಟ್ಟಿದವರಿಗೆ ಶಾಕ್ ಕಾದಿದೆ, ಅದನ್ನು ಬಳಸಲೇಬಾರದು.

ಇನ್ನು ದೀಪ ಸರಿಯಾಗಿ ಆರಿ ಹೊತ್ತುತ್ತಿದೆ, ಆದರೆ ಸರಾಸರಿ 180ರ ಬದಲು 155 ಬರುತ್ತಿದೆ. ಈಗ ಥರ್ಮೋಸ್ಟಾಟಿನ ಕಡೆ ತಿರುಗಬಹುದು, ಆದರೂ ಮೊದಲು ನಾಬನ್ನೇ ಎಳೆದು ತೆಗೆಯಿರಿ. ಒಳಗಿನ ಕಡ್ಡಿ ಒಂದು ಬದಿ ಚಪ್ಪಟೆಯಾಗಿರುತ್ತದೆ. ಅದನ್ನು ಹಿಡಿಯುವ ಪ್ಲಾಸ್ಟಿಕ್ ಬಿಸಿಗೆ ಸೀಳಿ ನಾಬ್ ಜಾರಿರುವುದು ಬಹಳ ಸಾಮಾನ್ಯ. ಒಂದು ನಾಬಿನ ದೋಷಕ್ಕೆ ಇಡೀ ನಿಯಂತ್ರಕ ಬದಲಾಗಬಾರದು. ನಾಬ್ ಗಟ್ಟಿಯಿದ್ದರೆ 150ಕ್ಕೂ 220ಕ್ಕೂ ಅದೇ ಪರೀಕ್ಷೆ ಮಾಡಿ. ಎಲ್ಲ ಕಡೆ 25 ಡಿಗ್ರಿಯಷ್ಟೇ ಕಡಿಮೆ ಬಂದರೆ ಏನನ್ನೂ ಬದಲಿಸುವ ಅಗತ್ಯವಿಲ್ಲ; ಒಂದು ಚೀಟಿಯಲ್ಲಿ ‘25 ಹೆಚ್ಚಿಗೆ ಇಡು’ ಎಂದು ಬರೆದು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ. ಇವತ್ತು 155, ನಾಳೆ 190, ನಾಡಿದ್ದು 140 ಎಂದು ಮನಬಂದಂತೆ ತೋರಿಸಿದರೆ ಮಾತ್ರ ಅದು ನಂಬಿಕೆಗೆ ಅರ್ಹವಲ್ಲ. ಪಾಯಿಂಟಿನ ಮೇಲೆ ಕರಿ ಹಿಡಿದಿದೆ, ಇಲ್ಲವೇ ಪಟ್ಟಿ ಸಡಿಲಾಗಿದೆ. ಎಣ್ಣೆಯ ಹಬೆ ಕೂತು, ಅದರ ಮೇಲೆ ಬೇಸಿಗೆಯ ಎರಿ ಮಣ್ಣಿನ ಧೂಳು ಕೂತರೆ ಪಾಯಿಂಟಿಗೆ ಬೇರೆ ವೈರಿ ಬೇಕಿಲ್ಲ.

ಅಳೆಯುವ ಸಾಧನವೇ ತಪ್ಪಿದ್ದರೆ? ಓವನ್ ಥರ್ಮಾಮೀಟರ್ ಒಳಗಿರುವುದೂ ಬಾಗುವ ಅದೇ ಜೋಡಿ ಲೋಹ, ಅದೂ ತಪ್ಪುತ್ತದೆ. ಕಡ್ಡಿಯಾಕಾರದ ಅಡುಗೆ ಥರ್ಮಾಮೀಟರ್ ಆದರೆ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಬಹುದು. ಆದರೆ ಪುಸ್ತಕ ಹೇಳುವ 100 ಡಿಗ್ರಿ ಸಮುದ್ರದಂಡೆಯದು. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ; ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುವುದರಿಂದ ಇಲ್ಲಿ ನೀರು 98 ಡಿಗ್ರಿಯಲ್ಲೇ ಕುದಿಯುತ್ತದೆ. 98 ತೋರಿಸಿದ ಥರ್ಮಾಮೀಟರ್ ಸರಿಯಾಗಿದೆ, 100 ತೋರಿಸಿದ್ದು ತಪ್ಪು. ಜ್ವರ ನೋಡುವ ಥರ್ಮಾಮೀಟರನ್ನು ಓವನ್ನಿಗೆ ಇಡುವ ಸಾಹಸ ಮಾಡಬೇಡಿ, ಹಳೆಯ ಗಾಜಿನದು ಒಡೆದರೆ ಪಾದರಸ ಊಟದೊಳಗೆ ಬೀಳುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಹಣೆಗೆ ಹಿಡಿಯುವ ಗನ್ನುಗಳೂ ಇಲ್ಲಿ ನಿರುಪಯೋಗಿ. ಅವುಗಳ ಲೋಕ ನಲವತ್ತರ ಆಚೀಚೆ ಮುಗಿಯುತ್ತದೆ.

ಯಾವ ಥರ್ಮಾಮೀಟರೂ ಇಲ್ಲದವರಿಗೆ ಸಕ್ಕರೆ ಇದೆ. ಬಬಲೇಶ್ವರದಿಂದ ದಕ್ಷಿಣಕ್ಕೆ ಕೃಷ್ಣೆಯವರೆಗೆ ಕಬ್ಬು ಬೆಳೆಯುವ ನೆಲದಲ್ಲಿ ಸಕ್ಕರೆಯ ಹದ ಬಲ್ಲವರು ಬೇಕಾದಷ್ಟಿದ್ದಾರೆ. ಗಾಣದಲ್ಲಿ ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವವರು ಸುಮಾರು 118 ಡಿಗ್ರಿಯನ್ನು ಬರಿಗೈಯಲ್ಲೇ ಗುರುತಿಸುತ್ತಿರುತ್ತಾರೆ. ಒಣ ಸಕ್ಕರೆ ಕರಗುವುದು ಇನ್ನೂ ಮೇಲೆ, 186 ಡಿಗ್ರಿಯ ಸುಮಾರಿಗೆ. ಚೆನ್ನಾಗಿ ಕಾದ ಓವನ್ನಿನಲ್ಲಿ ಒಂದು ಚಮಚ ಸಕ್ಕರೆಯನ್ನು ಅಲ್ಯುಮಿನಿಯಂ ಹಾಳೆಯ ಮೇಲೆ ಹರಡಿ 175ರಲ್ಲಿ ಕಾಲು ಗಂಟೆ ಇಡಿ. ಹರಳು ಹರಳಾಗಿಯೇ ಉಳಿಯಬೇಕು. 190ರಲ್ಲಿ ಮತ್ತೆ ಕಾಲು ಗಂಟೆ, ಕರಗಿ ಹೊಂಬಣ್ಣವಾಗಬೇಕು. 175ರಲ್ಲೇ ಕರಗಿದರೆ ನಿಮ್ಮ ಓವನ್ ಹೆಚ್ಚು ಕಾಯುತ್ತಿದೆ, 190ರಲ್ಲೂ ಕರಗದಿದ್ದರೆ ಕಡಿಮೆ. ಸಕ್ಕರೆ ಕರಗುವಾಗ ಒಡೆಯುತ್ತಲೂ ಇರುವುದರಿಂದ ಇದು ಪ್ರಯೋಗಾಲಯದ ಅಳತೆಯಲ್ಲ. ಕೇಕಿಗೆ ಸಾಕು.

‘ಮ್ಯಾಲ ಕರಕ, ಒಳಗ ಹಸಿ’ ಎಂಬ ದೂರಿನ ಗುಟ್ಟೂ ನೀರಿನಲ್ಲೇ ಇದೆ. ಕೇಕಿನ ಒಳಗೆ ನೀರು ಇರುವವರೆಗೆ ಅದು 98 ಡಿಗ್ರಿ ದಾಟದು. ಒಣಗಿದ ಮೇಲ್ಮೈಗೆ ಆ ಕಟ್ಟು ಇಲ್ಲ. 140 ದಾಟಿದೊಡನೆ ಕೆಂಪಾಗತೊಡಗುತ್ತದೆ. ಹೊರಗೆ ಸುಡುವಷ್ಟು ಬಿಸಿ ಕೊಟ್ಟರೂ ಒಳಗಿನ ಶಾಖ ತನ್ನ ನಿಧಾನಗತಿಯಲ್ಲೇ ಸಾಗುತ್ತದೆ. ಅಂದರೆ ಈ ದೂರು ಓವನ್ ಹೆಚ್ಚು ಕಾಯುತ್ತಿರುವುದರ ಲಕ್ಷಣ, ಅಥವಾ ತಟ್ಟೆ ಮೇಲಿನ ಕಾಯಿಲಿಗೆ ತೀರ ಹತ್ತಿರ ಇರುವುದರ ಲಕ್ಷಣ. ಇದಕ್ಕೆ ನಾಬ್ ಇನ್ನೂ ಏರಿಸುವುದು ಸುಟ್ಟದ್ದನ್ನು ಇನ್ನಷ್ಟು ಸುಡುವ ಉಪಾಯ.

ತಿಕೋಟಾದ ಕಡೆ ಓವನ್ನಿನಲ್ಲಿ ದ್ರಾಕ್ಷಿ ಒಣಗಿಸಿ ನೋಡುವವರಿಗೆ ಒಂದು ಮಾತು. ಶೆಡ್ಡಿನ ಬಲೆಗಳ ಮೇಲೆ ನೆರಳು–ಗಾಳಿಯಲ್ಲಿ ಎರಡು ವಾರದ ಆಸುಪಾಸು ಒಣಗಿ, ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಹಸಿರು–ಹೊಂಬಣ್ಣ ಉಳಿದರೆ ದರ. ಅದಕ್ಕೆ ಬೇಕಾದದ್ದು ಸಣ್ಣ ಬಿಸಿ, ಆದರೆ ಹೆಚ್ಚಿನ ಓಟಿಜಿಗಳ ನಾಬಿನಲ್ಲಿ ಅಂಕಿ ಶುರುವಾಗುವುದೇ 80 ಅಥವಾ 100ರಿಂದ. ಅದಕ್ಕೂ ಕೆಳಗೆ ಆ ಪಟ್ಟಿಯ ಮಾತಿಗೆ ಬೆಲೆಯಿಲ್ಲ. ದ್ರಾಕ್ಷಿ ಕಪ್ಪಾದರೆ ಥರ್ಮೋಸ್ಟಾಟನ್ನು ಬೈಯಬೇಡಿ. ಆ ಕೆಲಸಕ್ಕೆ ಅದನ್ನು ಮಾಡಿಯೇ ಇಲ್ಲ.

ಎಲ್ಲ ಪರೀಕ್ಷೆಯ ಕೊನೆಗೂ ಥರ್ಮೋಸ್ಟಾಟೇ ಅಪರಾಧಿ ಎಂದು ತಿಳಿದರೆ ಬದಲಿಸಿ, ಆದರೆ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ. ಗರಿಷ್ಠ ತಾಪಮಾನ, ಆಂಪಿಯರ್, ಕಡ್ಡಿಯ ಉದ್ದ, ನಳಿಗೆಯಿದ್ದರೆ ಅದರ ಉದ್ದ, ಇಷ್ಟೂ ಹೊಂದಬೇಕು. ಹೊಸದನ್ನು ಕೂಡಿಸಿದ ಮೇಲೆ ಅದೇ ಸರಾಸರಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಬಿಡಿಭಾಗ ಸಿಗಲಿಲ್ಲವೆಂದು ‘ಡೈರೆಕ್ಟ್ ಕೊಟ್ಟುಬಿಡ್ತೀನ್ರಿ, ಟೈಮರ್ ಅದ ಅಲ್ಲ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಓವನ್ನಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದಿಲ್ಲ. ಟೈಮರಿಗೆ ಹೊತ್ತು ಗೊತ್ತು, ಬಿಸಿ ಗೊತ್ತಿಲ್ಲ. ಹಾಗೆಯೇ ಆರೂವರೆ ಆಂಪಿಯರಿನ ಓವನ್ನನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಸಿಕ್ಕಿಸಬೇಡಿ. ಅರ್ಥಿಂಗ್ ಇರುವ 16 ಆಂಪಿಯರಿನ ಸಾಕೆಟ್ಟೇ ಅದಕ್ಕೆ ಬೇಕು.